ನವಿಲು ಗುರುತು, ತಾವರೆ ಗುರುತು

ನಮ್ಮಪ್ಪ ಮುದ್ದಣ್ಣ ಮೋಟಾರು ಕಲಿಯುವುದಕ್ಕೆ ಮುಂಚೆ ಕೊರಟಗೆರೆಯಲ್ಲಿ ಜಟಕಾ ಹೊಡೆಯುತ್ತಿದ್ದ. ಅವ್ವ ತೀರಿಕೊಂಡಾಗ ನನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಮನೆಯಲ್ಲಿ ಬಿಟ್ಟುಹೋಗೋಣವೆಂದರೆ ಹೆಣ್ಣುದಿಕ್ಕು ಇಲ್ಲ. ಹಾಗಾಗಿ ಬೆಳಗಾದರೆ ನನ್ನ ತಲೆಗೆ ಎಣ್ಣೆ ಹಚ್ಚಿ, ಸೊಟ್ಟಗೆ ಜಡೆ ಹೆಣೆದು, ಜಟಕಾದ ಮುಂದುಗಡೆ ತನ್ನ ಮೊಣಕಾಲುಗಳ ನಡುವೆ ಕೂರಿಸಿಕೊಂಡು ಹೊರಟುಬಿಡುತ್ತಿದ್ದ. ಕೊಳಾಲಕ್ಕೆ ಹೋಗುವವರು, ಮಧುಗಿರಿ ಕಚೇರಿಗೆ ಹೋಗುವವರು ಹತ್ತಿ, "ಏನ್ ಮುದ್ದಣ್ಣ, ಯಾರಪ್ಪ ಇದು ನಿನ್ ಸಣ್ ಯಜಮಾಂತಿ?" ಎಂದು ಕೆಣಕುತ್ತಿದ್ದರು. "ದಾರಿ ಗೊತ್ತಿರೋದು ಅವ್ಳಿಗೇ ಕಣಪ್ಪ, ನಾನು ಬರೀ ಲಗಾಮು ಹಿಡ್ಕಂಡಿರೋನು" ಅನ್ನುತ್ತಿದ್ದ ಅಪ್ಪ.

ಬಸ್ಸು ಬಂದಮೇಲೆ ಜಟಕಾ ಹತ್ತುವವರು ಕಮ್ಮಿಯಾದರು. ಕುದುರೆ ಮಾರಿದ ದಿನ ಅಪ್ಪ ಉಣ್ಣಲಿಲ್ಲ. ಆಮೇಲೆ ನನ್ನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಶಿರಾಕ್ಕೆ ಹೋಗಿ, ಅಲ್ಲಿ ಲಾರಿ ಓಡಿಸುತ್ತಿದ್ದ ಒಬ್ಬ ಸಾಬರ ಹತ್ತಿರ ಕೆಲಸ ಕಲಿತ. "ಆಹಿಸ್ತಾ ಮುದ್ದಣ್ಣ, ಆಹಿಸ್ತಾ" ಎಂದು ಸಾಬರು ನಿಧಾನ ಹೇಳಿಕೊಟ್ಟದ್ದು ಅವನ ನಾಲಿಗೆಗೇ ಅಂಟಿಕೊಂಡಿತು. ನಾನು ಮುದ್ದೆ ತಿರುವುವಾಗ ಕೋಲು ಜೋರಾಗಿ ಆಡಿಸಿದರೂ "ಆಹಿಸ್ತಾ ಕಣಮ್ಮ" ಅನ್ನುತ್ತಿದ್ದ. ಕಲಿತು ಬಂದವನನ್ನು ಮಧುಗಿರಿಯ ವರ್ತಕರು ಶಂಕರಲಿಂಗಪ್ಪನವರು ತಮ್ಮ ಬಸ್ಸಿಗೆ ಇಟ್ಟುಕೊಂಡರು. ಬೆಳಿಗ್ಗೆ ಮಧುಗಿರಿಯಿಂದ ಪಾವಗಡ, ಸಾಯಂಕಾಲ ಪಾವಗಡದಿಂದ ಮಧುಗಿರಿ.

ಪೆಟ್ರೋಲು ತಗಡಿನ ಡಬ್ಬಿಗಳಲ್ಲಿ ಬರುತ್ತದೆ. ಒಂದು ಕಂಪನಿಯ ಡಬ್ಬಿಯ ಮೇಲೆ ನವಿಲು, ಇನ್ನೊಂದರ ಮೇಲೆ ತಾವರೆ. ನವಿಲಿಗೆ ಬೆಲೆ ಹೆಚ್ಚು. ಯಾವುದು ಮೇಲು ಎನ್ನುವುದು ಬಸ್ಸಿನೊಳಗೆ ಮುಗಿಯದ ಮಾತು. ನವಿಲಿನಲ್ಲಿ ಗಾಡಿ ಹಾರುತ್ತದೆ ಎಂದು ಒಬ್ಬರು. ತಾವರೆಯಲ್ಲಿ ಹೊಗೆ ಜಾಸ್ತಿ, ತಲೆ ಸುತ್ತುತ್ತದೆ ಎಂದು ಇನ್ನೊಬ್ಬರು. ಪಾವಗಡದ ಕಡೆಯ ಬೈರಪ್ಪ ಎಂಬ ಕಂಬಳಿ ವ್ಯಾಪಾರದವನು ಮಾತ್ರ, "ಏಮಪ್ಪಾ ಡ್ರೈವರಣ್ಣ, ಕೊಂಡ ಎಕ್ಕೋದು ಎಣ್ಣೆನಾ, ಎಂಜಿನ್ನಾ?" ಎಂದು, ಗುಡ್ಡ ಹತ್ತುವುದು ಯಾವುದೆಂದು ತನ್ನ ತೆಲುಗು ಬೆರೆತ ಮಾತಿನಲ್ಲಿ ಕೇಳಿ ನಗುತ್ತಿದ್ದನಂತೆ.

ಅಪ್ಪನ ನಂಬಿಕೆ ಬೈರಪ್ಪನ ಕಡೆಗೇ. "ನವಿಲಾಗ್ಲಿ ತಾವರೆಯಾಗ್ಲಿ ಒಳಗಿರೋದು ಒಂದೇ ಕಣಮ್ಮ. ಡಬ್ಬಿ ಚೊಕ್ಕಟವಾಗಿರ್ಬೇಕು, ಹೊಯ್ಯೋವಾಗ ತೊಗಲಲ್ಲಿ ಸೋಸ್ಬೇಕು. ಮಿಕ್ಕಿದ್ದು ಕೈ ಕೆಲ್ಸ" ಎಂದು ನನಗೆ ಎಷ್ಟೋ ಸಲ ಹೇಳಿದ್ದ. ಲಾಳಿಕೆಯ ಬಾಯಿಗೆ ಮೆತ್ತನೆಯ ತೊಗಲು ಹಾಸಿ ಅವನು ಪೆಟ್ರೋಲು ಸೋಸುವುದನ್ನು ನೋಡಿದರೆ, ಹಸುಗೂಸಿಗೆ ಹಾಲು ಕುಡಿಸುತ್ತಿದ್ದಾನೇನೋ ಅನ್ನಿಸಬೇಕು.

ಅಂಥವನಿಗೆ ನನ್ನ ಮದುವೆಯ ದಿನವೇ ಪೆಟ್ರೋಲು ಕೈಕೊಟ್ಟಿತು. ನನ್ನನ್ನು ಕೊಟ್ಟದ್ದು ಮಿಡಿಗೇಶಿಗೆ ಈಚೆ ಇರುವ ಕರೇಕಲ್ಲಹಳ್ಳಿಯ ಬೋರಪ್ಪನವರಿಗೆ. ಗಂಡಿನ ಮನೆಯಲ್ಲೇ ಮದುವೆ. ಹೆಣ್ಣಿನ ದಿಬ್ಬಣ ಎತ್ತಿನ ಗಾಡಿಯಲ್ಲಿ ಹೋಗುವುದು ನಮ್ಮ ಕಡೆಯ ವಾಡಿಕೆ. ಅಪ್ಪ ಕೇಳಲಿಲ್ಲ. "ನನ್ ಮಗಳು ಬಸ್ಸಲ್ಲೇ ಹೋಗ್ಬೇಕು" ಎಂದು ಯಜಮಾನರನ್ನು ಕಾಡಿ ಬೇಡಿ ಬಸ್ಸು ತಂದ. ಹೊರಡುವ ಗಡಿಬಿಡಿಯಲ್ಲಿ ಕೊನೆಯ ಡಬ್ಬಿಯನ್ನು ಬೇರೆ ಯಾರೋ ಸೋಸದೆ ಹೊಯ್ದಿದ್ದರು. ಅದರಲ್ಲಿ ನೀರು ಸೇರಿತ್ತು. ಮಧುಗಿರಿ ದಾಟಿದ ಮೇಲೆ ಬಸ್ಸು ಕೆಮ್ಮಿ ಕೆಮ್ಮಿ ನಿಂತಿತು. ಅಪ್ಪ ಎಲ್ಲವನ್ನೂ ಬಿಚ್ಚಿ, ಒರೆಸಿ, ಊದಿ, ಮತ್ತೆ ಹೊರಡಿಸುವಷ್ಟರಲ್ಲಿ ಅಲ್ಲಿ ಚಪ್ಪರದಡಿ ಮುಹೂರ್ತ ಮೀರಿಹೋಗಿತ್ತು. ನಾವು ಇಳಿದಾಗ ಅಪ್ಪನ ಹೊಸ ಅಂಗಿಯ ತುಂಬ ಮಸಿ.

ನನ್ನ ಅತ್ತೆ ಬೊಮ್ಮಕ್ಕನವರು ಬಾಗಿಲಲ್ಲೇ ನಿಂತಿದ್ದರು. "ಗಾಡೀಲಿ ಬಂದ ನೆಂಟ್ರೆಲ್ಲ ಬಂದು ಎಲೆಅಡಿಕೆ ಹಾಕ್ಕಂಡು ಕೂತವ್ರೆ. ನಿಮಗೇನಾಗಿತ್ತು ಬೀಗ್ರೇ?"

"ಎಣ್ಣೆ ಕೆಟ್ಟಿತ್ತು ಕಣಮ್ಮ. ಡಬ್ಬೀಲಿ ನೀರು ಸೇರಿತ್ತು."

"ತಪ್ಪಾಯ್ತು ಅನ್ನೋ ಬದ್ಲು ಎಣ್ಣೆ ಮ್ಯಾಲೆ ಹಾಕ್ತೀರಲ್ಲ!"

"ತಪ್ಪು ನಂದಲ್ವಲ್ಲ ತಾಯಿ, ಹೆಂಗನ್ಲಿ?"

ಬೇರೊಂದು ಮುಹೂರ್ತ ನೋಡಿ ಧಾರೆ ಎರೆದದ್ದಾಯಿತು. ಅತ್ತೆಯ ಮನಸ್ಸಿನ ಮುಳ್ಳು ಹಾಗೇ ಉಳಿಯಿತು. ಹತ್ತು ಜನರ ಮುಂದೆ ತಪ್ಪಾಯಿತು ಅನ್ನುವ ತನಕ ಮುದ್ದಣ್ಣ ಈ ಹೊಸ್ತಿಲು ತುಳಿಯಕೂಡದು ಎಂದುಬಿಟ್ಟರು. ಅಪ್ಪ ನಿಜ ಹೇಳಿದವನು, ಅನ್ನಲಿಲ್ಲ. ತಾಯಿಯಿಲ್ಲದ ತವರಿಗೆ ಹೋಗಿ ಏನು ಮಾಡುತ್ತೀಯ ಎಂದು ಅತ್ತೆ ನನ್ನನ್ನು ಚೊಚ್ಚಲ ಬಾಣಂತನಕ್ಕೂ ಕಳಿಸಲಿಲ್ಲ. ನನ್ನ ಯಜಮಾನರು ಒಳ್ಳೆಯವರು, ಆದರೆ ಅವರ ಅವ್ವ ಒಂದು ಮಾತು ಆಡಿದರೆ ಹಗ್ಗ ಹೊಸೆಯಲು ಕೂತುಬಿಡುತ್ತಾರೆ.

ಮಗು ಹುಟ್ಟಿದ ಸುದ್ದಿ ಅಪ್ಪನಿಗೆ ಮುಟ್ಟಿದ್ದು ಬಸ್ಸಿನಲ್ಲಿ, ಯಾರೋ ಪ್ರಯಾಣಿಕರ ಬಾಯಿಂದ.

ನಮ್ಮ ಊರು ಇರುವುದು ರಸ್ತೆಯ ಪಕ್ಕದಲ್ಲೇ. ಊರು ದಾಟುತ್ತಲೇ ಒಂದು ದೊಡ್ಡ ಏರು. ಏರಿನ ಬುಡದಲ್ಲಿ ಸೀನೀರಿನ ಬಾವಿ. ನಾವು ಹೆಂಗಸರು ನೀರು ಸೇದುವುದು ಅಲ್ಲೇ. ಬಸ್ಸು ಅಲ್ಲಿ ನಿಲ್ಲುವುದಿಲ್ಲ, ನಿಂತರೆ ಮುಂದೆ ಮಿಡಿಗೇಶಿಯಲ್ಲಿ. ದಿನಾ ಬೆಳಿಗ್ಗೆ ಅಪ್ಪನ ಬಸ್ಸು ನನ್ನ ಮುಂದೆಯೇ ಏರು ಹತ್ತಿ ಹೋಗುತ್ತಿತ್ತು. ಒಂದು ಸಲ ಹಾರನ್ನು ಒತ್ತುತ್ತಿದ್ದ. ಸೆರಗಿನ ಮರೆಯಿಂದ ನಾನು ನೋಡುವಷ್ಟರಲ್ಲಿ ಧೂಳು ಅಡ್ಡ ಬರುತ್ತಿತ್ತು. ಅಪ್ಪ ದಿನಾ ಕಾಣುತ್ತಾನೆ, ಅಪ್ಪನ ಮುಖ ಕಾಣುವುದಿಲ್ಲ. ಹೀಗೆ ಮಗುವಿಗೆ ಮೂರು ತಿಂಗಳು ತುಂಬಿತು.

ಆಗಲೇ ಶಂಕರಲಿಂಗಪ್ಪನವರು ಬೆಲೆ ನೋಡಿ ತಾವರೆ ಗುರುತಿನ ಡಬ್ಬಿಗಳನ್ನು ತರಿಸಿದರು. ತಂದ ಮಾರನೇ ದಿನವೇ ಬಸ್ಸು ನಮ್ಮ ಬಾವಿಯ ಹತ್ತಿರ ಬುಸ್ಸೆಂದು ಆವಿ ಬಿಟ್ಟು ನಿಂತಿತು.

ಅಪ್ಪ ಖಾಲಿ ಡಬ್ಬಿ ಹಿಡಿದು ಇಳಿದು ಬಂದ. "ತಾಯಿ, ಎಂಜಿನ್ ಕಾದೋಗೈತೆ, ಒಂದ್ ಬಿಂದ್ಗೆ ನೀರು ಕೊಡ್ತೀಯೇನವ್ವ?" ಎಂದು ಯಾರನ್ನೋ ಕೇಳಿದ ಹಾಗೆ ಗಟ್ಟಿಯಾಗಿ ಕೇಳಿದ. ಹತ್ತಿರ ಬಂದಮೇಲೆ ನಾನು ಬೆನ್ನಿಗೆ ಕಟ್ಟಿಕೊಂಡಿದ್ದ ಮಗುವಿನ ಕಡೆ ಕೈ ಚಾಚಿದ. "ಕೊಡಮ್ಮ ಇಲ್ಲಿ, ಮಗೀನ ಕೊಡು." ಕೈಗೆ ಪೆಟ್ರೋಲು ಮೆತ್ತಿದೆಯೆಂದು ಪಂಚೆಗೆ ಒರೆಸಿಕೊಂಡ, ಮಣ್ಣಿಗೆ ಒರೆಸಿಕೊಂಡ, ಮತ್ತೆ ತೊಳೆದುಕೊಂಡ. ಆಮೇಲೆ ಎತ್ತಿಕೊಂಡ. ಮಗುವಿನ ಅಂಗಾಲನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನಿಂತಿದ್ದ ಅಷ್ಟೇ.

ಅಲ್ಲಿಂದ ವಾರಕ್ಕೆ ಎರಡು ಮೂರು ಸಲ ಬಸ್ಸು ಅಲ್ಲೇ ಕಾಯತೊಡಗಿತು.

"ನಿಜವಾಗ್ಲೂ ಆ ಎಣ್ಣೆಯಿಂದಾನಾ ಅಪ್ಪಾ?" ಎಂದು ಒಂದು ದಿನ ಕೇಳಿದೆ.

ಅಪ್ಪ ಕಳ್ಳನಗೆ ನಕ್ಕ. "ರೇಡಿಯೇಟರ್ಗೆ ಮಧುಗಿರೀಲಿ ಕಂಠಮಟ್ಟ ನೀರು ಹುಯ್ದ್ರೆ ಪಾವಗಡದ ತಂಕ ಹೋಯ್ತದೆ. ಅರ್ಧ ಹುಯ್ದ್ರೆ ನಿನ್ ಬಾವಿ ತಂಕ ಬತ್ತದೆ."

"ಎಂಜಿನ್ ಕೆಡಲ್ವಾ?"

"ಪೂರಾ ಕಾಯೋಕೆ ಮುಂಚೇನೇ ನಿಲ್ಲುಸ್ತೀನಿ ಕಣೆ. ಬುಸ್ ಅನ್ಸೋದು ಜನ ನೋಡ್ಲಿ ಅಂತ."

ಜನ ನಂಬಿದರು. ತಾವರೆ ಎಣ್ಣೆ ಒರಟು, ಎಂಜಿನ್ನು ಕಾಯುತ್ತದೆ ಎಂಬ ಮಾತು ಮಧುಗಿರಿ ಪೇಟೆಯೆಲ್ಲ ಹಬ್ಬಿತು. ಮದುವೆಯ ದಿನ ಪೆಟ್ರೋಲಿನ ಬಗ್ಗೆ ಅಪ್ಪ ಹೇಳಿದ ನಿಜವನ್ನು ಒಬ್ಬರೂ ನಂಬಿರಲಿಲ್ಲ. ಈ ಸುಳ್ಳನ್ನು ಅವನು ಎರಡು ಸಲ ಹೇಳಬೇಕಾಗಿ ಬರಲಿಲ್ಲ.

ಆ ಒಂದು ಬಿಂದಿಗೆ ಹೊತ್ತಿನಲ್ಲಿ ನಾವು ಆಡದ ಮಾತಿಲ್ಲ. ನಾನು ಬೇಕೆಂದೇ ಹಗ್ಗ ನಿಧಾನವಾಗಿ ಎಳೆಯುತ್ತಿದ್ದೆ. ಅಪ್ಪ ಮಡಿಲಿಗೆ ಕಡಲೆಪುರಿ ಸುರಿಯುತ್ತಿದ್ದ, ನನ್ನ ತಲೆ ನೋಡಿ "ಎಣ್ಣೆ ಕಾಣ್ದೆ ಎಷ್ಟ್ ದಿನ ಆಯ್ತೇ?" ಎಂದು ಗದರುತ್ತಿದ್ದ. ಮಗುವಿಗೆ ಹೊಟ್ಟೆನೋವಾದಾಗ ಮಧುಗಿರಿಯಿಂದ ಬಜೆ ತಂದುಕೊಟ್ಟ. ಮಗುವನ್ನು ಎತ್ತಿಕೊಂಡು ಹೋಗಿ ತನ್ನ ಸೀಟಿನಲ್ಲಿ ಕೂರಿಸಿ, ಹಾರನ್ನಿನ ರಬ್ಬರ್ ಬುರುಡೆ ಹಿಸುಕಿಸುತ್ತಿದ್ದ. ಒಳಗಿದ್ದವರು, "ಲೇ ಮುದ್ದಣ್ಣ, ನೀರು ಹುಯ್ಯಲಾ, ಕೂಸಾಡ್ಸೋದು ಆಮೇಕೆ!" ಎಂದು ಕೂಗುತ್ತಿದ್ದರು. ಅವರ ಲೆಕ್ಕಕ್ಕೆ ನಾನು ಆ ಊರಿನ ಯಾರೋ ಒಬ್ಬ ಹೆಂಗಸು. ವಿಷಯ ಗೊತ್ತಿದ್ದದ್ದು ಕಂಡಕ್ಟರ್ ಕೆಂಪಯ್ಯಣ್ಣನಿಗೆ ಮಾತ್ರ. ಆತ ಮೀಸೆ ತಿರುವುತ್ತ ಬೇರೆ ಕಡೆ ನೋಡುತ್ತಿದ್ದ.

ಅತ್ತೆಗೆ ಗೊತ್ತಿರಲಿಲ್ಲವೇ? ನೀರಿಗೆ ಹೋದ ಸೊಸೆ ತಡವಾಗಿ ಬಂದರೆ, "ಬಾವೀಲಿ ನೀರು ಆಳಕ್ಕೋಗದೇನೇ ಗಂಗಿ?" ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಹೊಸ್ತಿಲು ತುಳಿಯಬಾರದು ಎಂದಿದ್ದರೇ ಹೊರತು ಬಾವಿಯ ಮಾತು ಎತ್ತಿರಲಿಲ್ಲವಲ್ಲ.

ಮಗು ತಪ್ಪುಹೆಜ್ಜೆ ಇಡುವ ಹೊತ್ತಿಗೆ ಅಪ್ಪನ ಸುಳ್ಳು ಅಪ್ಪನನ್ನೇ ಸುತ್ತಿಕೊಂಡಿತು. ಒಂದು ಬೆಳಿಗ್ಗೆ ಬಿಂದಿಗೆ ಈಸಿಕೊಂಡವನು ಅದನ್ನು ಬಾವಿಕಟ್ಟೆಯ ಮೇಲೆ ಇಟ್ಟ.

"ಯಜಮಾನ್ರು ನಾಳೆ ನವಿಲು ಗುರುತು ಹಾಕುಸ್ತಾರಂತೆ ಕಣಮ್ಮ. ಜೊತೇಲಿ ಅವರೇ ಬತ್ತಾರೆ. ನಿಲ್ದೆ ಏರು ಹತ್ತಿದ್ರೆ ಇನ್ಮ್ಯಾಕೆ ಬರೀ ನವಿಲೇ ಅಂತೆ."

"ಅದ್ರಲ್ಲೂ ಕಾಯ್ತು ಅಂತ ನಿಲ್ಸು."

"ಎರಡ್ರಲ್ಲೂ ಕಾದ್ರೆ ಡ್ರೈವರ್ದೇ ತಪ್ಪು ಅಂತಾರೆ."

"ಹೋಗ್ಲಿ ಅಪ್ಪಾ, ಇದ್ದದ್ದು ಇದ್ದಂಗೆ ಹೇಳ್ಬಿಡು. ಮಗಳನ್ನ ನೋಡೋಕೆ ನಿಲ್ಲುಸ್ತೀನಿ ಅನ್ನು."

"ಹೇಳಿದ್ರೆ, ಮನೆಗೇ ಹೋಗ್ಬಾರ್ದೇನಯ್ಯ ಅಂತ ಕೇಳ್ತಾರೆ. ಹೊಸ್ತಿಲು ಕಟ್ಟವ್ರೆ ಅಂತ ಹೇಳ್ಲಾ? ಮಧ್ಯಾಹ್ನದೊಳಗೆ ಪಾವಗಡದ ತಂಕ ಸುದ್ದಿ ಹೋಯ್ತದೆ. ನೀನು ಬಾಳೋ ಮನೆ ಅದು. ಆ ಮನೆ ಮಾತು ಬಸ್ಸೊಳಗೆ ಆಡೋದಲ್ಲ ಕಣಮ್ಮ."

ಮಾರನೆಯ ದಿನ ನಾನು ಮಗುವಿಗೆ ಕಾಡಿಗೆ ಹಚ್ಚಿ, ಒಗೆದ ಅಂಗಿ ತೊಡಿಸಿ ಬಾವಿಗೆ ಹೋದೆ. ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ಹೋದೆ. ಬಸ್ಸು ಬಂತು. ಮುಂದಿನ ಸೀಟಿನಲ್ಲಿ ಜರಿ ಪೇಟದವರು ಕೂತಿದ್ದರು. ಅಪ್ಪ ಅವತ್ತು ಹಾರನ್ನನ್ನೂ ಒತ್ತಲಿಲ್ಲ, ಈಚೆ ನೋಡಲೂ ಇಲ್ಲ. ಕತ್ತು ನೆಟ್ಟಗಿಟ್ಟುಕೊಂಡು ಏರು ಹತ್ತಿಸಿಬಿಟ್ಟ. ಎಂಜಿನ್ನು ಒಂದೇ ದನಿಯಲ್ಲಿ ಹಾಡಿಕೊಂಡು ಹೋಯಿತು. ಬಸ್ಸನ್ನು ಕಂಡು ಕೈ ಚಾಚಿದ ಮಗು, ಅದು ಮರೆಯಾದ ಮೇಲೂ ಕೈ ಇಳಿಸಲಿಲ್ಲ.

ಪಾವಗಡದಲ್ಲಿ ನಡೆದದ್ದನ್ನು ಕೆಂಪಯ್ಯಣ್ಣ ಆಮೇಲೆ ಹೇಳಿದ. ದಾರಿಯುದ್ದಕ್ಕೂ ಜನ, "ನವಿಲು ಅಂದ್ರೆ ನವಿಲೇ! ನೋಡಿ ಬೆಣ್ಣೆ ಮ್ಯಾಲೆ ಜಾರ್ದಂಗೆ ಹೋಯ್ತಾ ಐತೆ" ಎಂದು ಹೊಗಳಿದ್ದೇ ಹೊಗಳಿದ್ದು. ಇಳಿದ ಮೇಲೆ ಶಂಕರಲಿಂಗಪ್ಪನವರು ನಕ್ಕರಂತೆ. "ಡಬ್ಬಿ ಮಾತ್ರ ನವಿಲಿಂದು ಕಣ್ರಯ್ಯ. ಒಳಗಿದ್ದದ್ದು ತಾವರೆ. ನನ್ನ ಮಳಿಗೇಲಿ ನಾನೇ ನಿಂತು ಸುರಿಸಿದ್ದು." ಹೊಗಳಿದವರೆಲ್ಲ ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಹೊರಟರು. ಯಜಮಾನರು ಅಪ್ಪನ ಕಡೆ ತಿರುಗಿದಾಗ ನಗು ಹೋಗಿತ್ತು. "ಅದೇ ತಾವರೆ, ಅದೇ ಏರು. ಇವತ್ತು ಯಾಕೆ ಕಾಯ್ಲಿಲ್ಲ ಮುದ್ದಣ್ಣ? ಆ ಬಾವಿ ಹತ್ರ ಯಾರಿಗಯ್ಯ ನನ್ನ ಪೆಟ್ರೋಲ್ ಮಾರ್ತಾ ಇದ್ದದ್ದು?"

ಅಪ್ಪ ಬಾಯಿ ಬಿಡಲಿಲ್ಲ. ಕಳ್ಳ ಅನ್ನಿಸಿಕೊಂಡು ನಿಂತ.

ಸಾಯಂಕಾಲ ಬಸ್ಸು ಏರು ಇಳಿದು ಬಂದು ಬಾವಿಯ ಹತ್ತಿರ ನಿಂತಾಗ ಅತ್ತೆಯೂ ನಾನೂ ಅಲ್ಲೇ ಎಮ್ಮೆಗೆ ನೀರು ಕುಡಿಸುತ್ತಿದ್ದೆವು. ಶಂಕರಲಿಂಗಪ್ಪನವರು ಇಳಿದು ಪೊದೆಯೆಲ್ಲ ಕೋಲಿನಿಂದ ಕೆದಕಿ ನೋಡಿದರು. ಜನ ಕಿಟಕಿಯಲ್ಲಿ ತಲೆ ಹಾಕಿದರು.

"ಏನಮ್ಮ, ಈ ಡ್ರೈವರು ಇಲ್ಲಿ ಯಾರಿಗೆ ಪೆಟ್ರೋಲ್ ಕೊಡ್ತಿದ್ದ? ನೀವು ನೋಡಿರ್ಬೇಕಲ್ಲ."

ಅಪ್ಪ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ. ಬೇಡ ಎಂದು ನನಗೆ ಮಾತ್ರ ಕಾಣುವ ಹಾಗೆ ತಲೆಯಾಡಿಸಿದ. ನನ್ನ ಬಾಯಿ ನಿಲ್ಲಲಿಲ್ಲ.

"ಅವರು ಕಳ್ಳರಲ್ಲ ಸ್ವಾಮಿ. ನಮ್ಮಪ್ಪ. ನನ್ನ, ಈ ಮಗೀನ ನೋಡೋಕೆ ನಿಲ್ಲುಸ್ತಿದ್ರು."

ಯಜಮಾನರು ನನ್ನನ್ನು ನೋಡಿದರು, ಮಗುವನ್ನು ನೋಡಿದರು. "ಮಗಳ ಮನೆ ಇದೇ ಊರಾ? ಮತ್ತೆ ಮನೆಗೆ ಹೋಗಿ ನೋಡೋದು ಬಿಟ್ಟು ಬಾವಿ ಹತ್ರ ಯಾಕಯ್ಯ?"

ಇಡೀ ಬಸ್ಸು ಕಿವಿಯಾಗಿತ್ತು. ಎಮ್ಮೆ ನೀರು ಹೀರುವ ಸದ್ದೊಂದೇ. ಅತ್ತೆ ಸೆರಗು ಎಳೆದುಕೊಂಡು ಮುಂದೆ ಬಂದರು.

"ಕರೆದೂ ಕರೆದೂ ಸಾಕಾಯ್ತು ನಂಗೆ" ಅಂದರು. "ಬನ್ನಿ ಬೀಗ್ರೇ, ಒಂದ್ ಲೋಟ ಮಜ್ಜಿಗೆ ಕುಡ್ಕೊಂಡೋಗಿ ಅಂದ್ರೆ, ಯಜಮಾನ್ರ ಬಸ್ಸು ಕಾಯ್ತದೆ, ಆಗಾಕಿಲ್ಲ ಅಂತಾರೆ. ನಿಮ್ ಬಸ್ಸು ಅಂದ್ರೆ ಅಷ್ಟ್ ಭಯ ಸ್ವಾಮಿ ಅವ್ರಿಗೆ!"

ಹೇಳುವಾಗ ಒಂದು ರೆಪ್ಪೆಯೂ ಅಲುಗಲಿಲ್ಲ. ಅಪ್ಪ ಬೆಪ್ಪಾಗಿ ಅವರನ್ನೇ ನೋಡಿದ. ಒಳಗಿನಿಂದ ಯಾರೋ, "ಅಯ್ಯೋ ಪಾಪ, ಹೋಗ್ಬಾರ್ದೇನ್ಲಾ ಮುದ್ದಣ್ಣ" ಅಂದರು. ಅತ್ತೆ ಅದನ್ನೇ ಹಿಡಿದುಕೊಂಡು, "ಈಗ್ಲಾದ್ರೂ ಬನ್ನಿ, ಎಲ್ರೂ ಕೇಳಿಸ್ಕೊಂಡವ್ರೆ, ಕರೀನಿಲ್ಲ ಅನ್ಬ್ಯಾಡಿ" ಎಂದರು. ಮನೆಯ ಮಾನ ಉಳಿಸಿಕೊಳ್ಳಲು ಆಡಿದ ಮಾತು ಅದು. ಆದರೂ ಅಷ್ಟು ಜನರ ಮುಂದೆ ಕರೆದ ಮೇಲೆ ಬಾಗಿಲು ತೆರೆದ ಹಾಗೇ.

ಶಂಕರಲಿಂಗಪ್ಪನವರು ಕೆಟ್ಟವರಲ್ಲ. ಕಳ್ಳ ಎಂದದ್ದಕ್ಕೆ ಅವರ ಮುಖ ಸಣ್ಣಗಾಯಿತು. "ನನ್ ಹತ್ರ ಒಂದ್ ಮಾತು ಹೇಳಿದ್ರೆ ನಾನೇ ನಿಲ್ಲಿಸು ಅಂತಿರ್ಲಿಲ್ವೇನಯ್ಯ?" ಅಂದರು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, "ಆದ್ರೆ ನನ್ನ ಎಣ್ಣೆ ಮೇಲೆ ತಿಂಗಳುಗಟ್ಟಲೆ ಸುಳ್ಳು ಹೇಳ್ದೆ. ಈ ರಸ್ತೆ ಇನ್ನು ನಿನಗೆ ಬೇಡ. ಶಿರಾ ಬಸ್ಸು ಹತ್ತು" ಅಂದರು.

ಅವತ್ತು ಅಪ್ಪ ಇಳಿಯಲಿಲ್ಲ. ಜನ ಕೂತಿರುವ ಗಾಡಿಯನ್ನು ಬಿಟ್ಟು ಅವನು ಇಳಿಯುವುದಿಲ್ಲ. "ಇನ್ನೊಂದ್ ದಪ ಬತ್ತೀನಿ ತಾಯಿ" ಎಂದು ಅತ್ತೆಗೆ ಕೈಮುಗಿದ.

ಅದಾಗಿ ಈಗ ಆರು ತಿಂಗಳು. ಮಧುಗಿರಿಯಿಂದ ಶಿರಾಕ್ಕೆ ಹೋಗುವ ರಸ್ತೆ ಬೇರೆ, ನಮ್ಮ ಕಡೆಗೆ ಬರುವುದಿಲ್ಲ. ಈ ರಸ್ತೆಗೆ ಹೊಸ ಡ್ರೈವರು ಬಂದಿದ್ದಾನೆ. ತಾವರೆ ಎಣ್ಣೆಯಲ್ಲೇ ಬಸ್ಸು ನಮ್ಮ ಏರನ್ನು ನಿಲ್ಲದೆ ಹತ್ತುತ್ತದೆ. ಸದ್ದು ಕೇಳಿದಾಗೆಲ್ಲ ನನ್ನ ಕೈ ಹಗ್ಗವನ್ನು ನಿಧಾನ ಮಾಡುತ್ತದೆ. ಆಮೇಲೆ ನೆನಪಾಗಿ ಬೇಗ ಎಳೆಯುತ್ತೇನೆ. ಒಲೆಯ ಮೇಲೆ ಎಸರು ಇಟ್ಟು ಬಂದಿರುತ್ತೇನೆ, ನಿಂತು ಮಾಡುವುದೇನಿದೆ.

ಮೊನ್ನೆ ರಜೆ ಸಿಕ್ಕಿ ಅಪ್ಪ ಬಂದಿದ್ದ. ತಾನು ಓಡಿಸುತ್ತಿದ್ದ ಬಸ್ಸಿನಲ್ಲೇ ಹಿಂದಿನ ಸೀಟಿನಲ್ಲಿ ಕೂತು, ಮಿಡಿಗೇಶಿಯಲ್ಲಿ ಇಳಿದು, ಬಿಸಿಲಲ್ಲಿ ನಡೆದುಕೊಂಡು ಬಂದ. ಮಡಿ ಪಂಚೆ, ಜರಿಯಂಚಿನ ಪೇಟ, ಕೈಯಲ್ಲಿ ತೆಂಗಿನಕಾಯಿ, ಕುಪ್ಪಸದ ಕಣ. ಅತ್ತೆ ಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು, ಒಬ್ಬಟ್ಟು ಮಾಡಿಸಿದರು. ಒಂದು ಕೊರತೆಯಿಲ್ಲ. ಖಾಕಿ ಅಂಗಿಯ ತಾತನನ್ನೇ ಕಂಡಿದ್ದ ಮಗು ಈ ಪೇಟದವನನ್ನು ಗುರುತು ಹಿಡಿಯದೆ ಅತ್ತೆಯ ಸೆರಗಿನ ಹಿಂದೆ ಅವಿತುಕೊಂಡಿತು. ಅಪ್ಪ ಚಾಚಿದ ಕೈಯನ್ನು ಹಾಗೇ ಮಡಚಿಕೊಂಡು, "ಇರ್ಲಿ ಇರ್ಲಿ, ಬಲವಂತ ಬ್ಯಾಡ" ಅಂದ.

ನನ್ನನ್ನು, "ಚೆನ್ನಾಗಿದ್ದೀಯಾ ತಾಯಿ?" ಎಂದು ಕೇಳಿದ. ನಾನು "ಹೂಂ ಅಪ್ಪಾ" ಅಂದೆ. ಬೀಗರ ಮನೆಯ ಪಡಸಾಲೆಯಲ್ಲಿ ಮಗಳ ತಲೆಗೆ ಎಣ್ಣೆಯಿಲ್ಲವೆಂದು ಯಾವ ಅಪ್ಪ ಗದರುತ್ತಾನೆ? ಮಳೆ, ರಾಗಿ, ಎಮ್ಮೆಯ ಹಾಲು ಎಲ್ಲ ಮಾತಾಯಿತು. ನಾನು ಬಡಿಸುತ್ತ ಅವನ ಎಲೆಯ ಮುಂದೆ ಬಗ್ಗಿದಾಗ ಇಬ್ಬರೂ ಒಂದು ಗಳಿಗೆ ಮುಖ ನೋಡಿಕೊಂಡೆವು. ಬಾವಿಯಲ್ಲಾದರೆ ಬಿಂದಿಗೆ ತುಂಬುವ ತನಕ ನಮ್ಮದಾಗಿರುತ್ತಿತ್ತು.

ಹೊರಟಾಗ ಅತ್ತೆಯೇ, "ಹೋಗೇ ಗಂಗಿ, ನಿಮ್ಮಪ್ಪನ್ನ ಬೀದಿ ತಂಕ ಬುಟ್ಟು ಬಾ" ಅಂದರು. ಅಪ್ಪ ಮೆಟ್ಟು ಮೆಟ್ಟಿಕೊಳ್ಳುತ್ತ ಸಣ್ಣ ದನಿಯಲ್ಲಿ, "ಈಗ್ಲೂ ಜನ ಕೇಳ್ತಾರೆ ಕಣಮ್ಮ, ಯಾವ ಗುರುತಿನ ಎಣ್ಣೆ ಮೇಲು ಅಂತ" ಅಂದ.

"ಏನಂತೀಯಪ್ಪಾ?"

"ಯಾವ್ದು ಹುಯ್ದ್ರೂ ಶಿರಾಕ್ಕೇ ಹೋಯ್ತದಲ್ಲ, ಅಂತೀನಿ."

ಪೇಟ ಸರಿಮಾಡಿಕೊಂಡು ಮಿಡಿಗೇಶಿಯ ಕಡೆ ನಡೆದ.